ಭರಣಿ ಮಳೆಯ ದಿನಗಳಲ್ಲಿ ಬೆಟ್ಟ ಹತ್ತುವ ಮುನ್ನ

ಯುಗಾದಿ ಕಳೆದು, ಕಾಫಿ ತೋಟಗಳಲ್ಲಿ ಹೂವು ಅರಳಿ ಉದುರಿ, ಮುಂಗಾರು ಇನ್ನೂ ಐದಾರು ವಾರ ದೂರವಿರುವಾಗ ಪಶ್ಚಿಮಘಟ್ಟದ ಮೇಲೆ ಬೀಳುವ ಮಳೆಗೆ ತನ್ನದೇ ಆದ ಸ್ವಭಾವವಿದೆ. ಹವಾಮಾನ ಇಲಾಖೆ ಅದನ್ನು ಮುಂಗಾರು ಪೂರ್ವ ಮಳೆ ಎನ್ನುತ್ತದೆ. ಮಲೆನಾಡಿನ ರೈತರು ರೇವತಿ, ಅಶ್ವಿನಿ, ಭರಣಿ, ಕೃತ್ತಿಕೆ ಎಂದು ನಕ್ಷತ್ರದ ಹೆಸರು ಹಿಡಿದು ಗುರುತಿಸುತ್ತಾರೆ. ಕಾಫಿ ಬೆಳೆಗಾರರಿಗೆ ಅದರ ಮೊದಲ ಹನಿಗಳು ಹೂಮಳೆ. ಜುಲೈ ತಿಂಗಳ ಮಳೆಯಾದರೆ ದಿನವಿಡೀ ಸುರಿಯುತ್ತದೆ, ಆದ್ದರಿಂದ ಯಾರನ್ನೂ ಮೋಸಗೊಳಿಸುವುದಿಲ್ಲ. ವಸಂತದ ಮಳೆ ಹಾಗಲ್ಲ. ಬೆಳಿಗ್ಗೆ ಎಂಟಕ್ಕೆ ತಿಳಿನೀಲಿ ಆಕಾಶವನ್ನು ತೋರಿಸಿ, ಹನ್ನೊಂದಕ್ಕೆ ಬೆವರಿಳಿಸಿ, ಎರಡು ಗಂಟೆಗೆ ಗಾಳಿ, ಗುಡುಗು, ಸಿಡಿಲು, ಕೆಲವೊಮ್ಮೆ ಆಲಿಕಲ್ಲುಗಳೊಂದಿಗೆ ಒಮ್ಮೆಲೇ ಮೇಲೆರಗಿ, ಸಂಜೆಯ ಹೊತ್ತಿಗೆ ಏನೂ ನಡೆದಿಲ್ಲವೆಂಬಂತೆ ತಣ್ಣಗಾಗುತ್ತದೆ. ಈ ಕಾಲದ ಚಾರಣಕ್ಕೆ ಏನೇನು ಕೊಳ್ಳಬೇಕು ಎಂದು ಕೇಳುವವರು ಬಹಳ; ಎಷ್ಟು ಗಂಟೆಗೆ ಹೊರಡಬೇಕು, ಎಷ್ಟು ಗಂಟೆಗೆ ತಿರುಗಬೇಕು ಎಂದು ಕೇಳುವವರು ಕಡಿಮೆ. ಎರಡನೆಯ ಪ್ರಶ್ನೆಯೇ ಮುಖ್ಯವೆಂಬುದು ನನ್ನ ಅನುಭವ. ಆದ್ದರಿಂದ ಈ ಬರಹ ಅಲ್ಲಿಂದಲೇ ಆರಂಭವಾಗುತ್ತದೆ.

ಉದಾಹರಣೆಗೆ ಕೊಡಗಿನ ಅತಿ ಎತ್ತರದ ಶಿಖರವಾದ ತಡಿಯಂಡಮೋಳನ್ನು ತೆಗೆದುಕೊಳ್ಳುತ್ತೇನೆ. ಸಮುದ್ರಮಟ್ಟದಿಂದ 1,748 ಮೀಟರ್ ಎತ್ತರದ ಈ ಬೆಟ್ಟ ಕಕ್ಕಬೆಯ ಮೇಲೆ ನಿಂತಿದೆ. ಅದರ ಬುಡದಲ್ಲಿ ಕೊಡಗಿನ ಅರಸ ದೊಡ್ಡವೀರರಾಜೇಂದ್ರ ಕಟ್ಟಿಸಿದ ನಾಲ್ಕುನಾಡು ಅರಮನೆಯಿದೆ; ಸಮೀಪದ ಪಾಡಿಯಲ್ಲಿ ಇಗ್ಗುತಪ್ಪನ ದೇವಸ್ಥಾನವಿದೆ. ಕೊಡವರಿಗೆ ಇಗ್ಗುತಪ್ಪ ಮಳೆಯ ದೇವರು. ಆತನ ನೆರೆಯಲ್ಲಿರುವ ಬೆಟ್ಟವನ್ನು ಮಳೆಯ ಲೆಕ್ಕವಿಲ್ಲದೆ ಹತ್ತಲು ಹೊರಡುವುದು ಹೇಗೂ ಸರಿಯಲ್ಲ. ಅರಮನೆಯಿಂದ ಹೊರಟ ದಾರಿ ಮೊದಲು ಕಾಫಿ ತೋಟಗಳ ನಡುವೆ ಜೀಪು ರಸ್ತೆಯಾಗಿ ಏರುತ್ತದೆ, ಹಳ್ಳವನ್ನು ದಾಟುತ್ತದೆ, ಅರಣ್ಯ ಇಲಾಖೆಯ ತಪಾಸಣಾ ಕೇಂದ್ರ ಕಳೆದ ಮೇಲೆ ಬಯಲಿಗೆ ತೆರೆದುಕೊಳ್ಳುತ್ತದೆ. ಅನಂತರ ಹುಲ್ಲುಗಾವಲು, ನಡುವೆ ಬೆಟ್ಟದ ಮಡಿಕೆಯಲ್ಲಿ ದಟ್ಟವಾಗಿ ಬೆಳೆದ ಒಂದು ಶೋಲಾ ಕಾಡು, ಕೊನೆಗೆ ಮರವೇ ಇಲ್ಲದ ಕಡಿದಾದ ಏರು. ಮುಳ್ಳಯ್ಯನಗಿರಿ, ಕುದುರೆಮುಖ, ಕೊಡಚಾದ್ರಿ ಯಾವುದನ್ನೇ ನೋಡಿದರೂ ಸಾಮಾನ್ಯವಾಗಿ ವಿನ್ಯಾಸ ಇದೇ: ಕೆಳಗೆ ನೆರಳು, ಮೇಲೆ ಬೋಳು. ಅಪಾಯವಿರುವುದು ಮೇಲಿನ ಆ ಬೋಳು ಭಾಗದಲ್ಲಿ.

ಗಡಿಯಾರದ ಲೆಕ್ಕ

ಏಪ್ರಿಲ್ ಮತ್ತು ಮೇ ತಿಂಗಳಲ್ಲಿ ನೆಲ ಚೆನ್ನಾಗಿ ಕಾಯುತ್ತದೆ. ಅರಬ್ಬಿ ಸಮುದ್ರದ ಕಡೆಯಿಂದ ತೇವಭರಿತ ಗಾಳಿ ಹಗಲು ಒಳನಾಡಿನತ್ತ ಬೀಸಿ, ಘಟ್ಟಕ್ಕೆ ತಾಗಿ ಮೇಲೇರುತ್ತದೆ. ಮೇಲೇರಿದ ಗಾಳಿ ತಣಿದು, ಮಧ್ಯಾಹ್ನದ ವೇಳೆಗೆ ಹತ್ತು ಹದಿನೈದು ಕಿಲೋಮೀಟರ್ ಎತ್ತರಕ್ಕೆ ಗೋಪುರದಂತೆ ಬೆಳೆದು ನಿಲ್ಲುವ ಗುಡುಗುಮೋಡವಾಗುತ್ತದೆ. ಇದಕ್ಕೆ ಅರ್ಧ ದಿನದ ಬಿಸಿಲು ಬೇಕಾದುದರಿಂದಲೇ ಈ ಮಳೆ ಹೆಚ್ಚಾಗಿ ಮಧ್ಯಾಹ್ನ ಎರಡರಿಂದ ಸಂಜೆ ಏಳರ ನಡುವೆ ಬೀಳುತ್ತದೆ. ಬೆಳಗಿನ ಶುಭ್ರ ಆಕಾಶವನ್ನು ನೋಡಿ ಇಂದು ಮಳೆಯಿಲ್ಲವೆಂದು ತೀರ್ಮಾನಿಸುವುದು ತಪ್ಪಾಗುವುದು ಈ ಕಾರಣದಿಂದ. ಬೆಳಗಿನ ಚುರುಕು ಬಿಸಿಲೇ ಮಧ್ಯಾಹ್ನದ ಸಿಡಿಲಿಗೆ ಉರುವಲು.

ಹಾಗಾಗಿ ಲೆಕ್ಕವನ್ನು ಹಿಂದಿನಿಂದ ಹಾಕಬೇಕು. ಹನ್ನೆರಡೂವರೆಗೆ ಬೋಳುಗುಡ್ಡದಿಂದ ಇಳಿದು ಮರಗಳ ನಡುವೆ ಇರಬೇಕು ಎಂದು ನಿಶ್ಚಯಿಸಿಕೊಂಡರೆ, ಶಿಖರದಿಂದ ಹನ್ನೊಂದಕ್ಕೆ ಹೊರಟಿರಬೇಕು. ಹತ್ತೂವರೆಗೆ ಮೇಲೆ ತಲುಪಬೇಕಾದರೆ ಬೆಳಿಗ್ಗೆ ಆರೂವರೆಯೊಳಗೆ, ಅಥವಾ ತಪಾಸಣಾ ಕೇಂದ್ರ ತೆರೆದ ಕೂಡಲೇ, ನಡೆಯಲು ತೊಡಗಿರಬೇಕು. ಹನ್ನೊಂದು ಗಂಟೆ ಎಂಬುದನ್ನು ಹೊರಡುವ ಮುನ್ನವೇ ಎಲ್ಲರ ಎದುರು ಹೇಳಿ ಒಪ್ಪಿಗೆ ಪಡೆಯಬೇಕು. ಶಿಖರ ಇನ್ನು ಇಪ್ಪತ್ತೇ ನಿಮಿಷ ದೂರದಲ್ಲಿದ್ದರೂ ಆ ಹೊತ್ತಿಗೆ ತಿರುಗಿ ನಡೆಯುವುದೆಂಬ ಒಪ್ಪಂದವನ್ನು ಬೆಟ್ಟದ ಮೇಲೆ ಮಾಡಿಕೊಳ್ಳಲು ಹೋದರೆ ಅದು ವಾದವಾಗುತ್ತದೆ, ವಾದದಲ್ಲಿ ಸಾಮಾನ್ಯವಾಗಿ ಶಿಖರವೇ ಗೆಲ್ಲುತ್ತದೆ.

ನಾವು ಆರು ಜನ ಒಮ್ಮೆ ಮೇ ತಿಂಗಳ ಮೊದಲ ವಾರದಲ್ಲಿ ಇದನ್ನು ಉಲ್ಲಂಘಿಸಿದ್ದೆವು. ತಂಗಿದ್ದ ಮನೆಯಲ್ಲಿ ಕಡುಬು ಬೇಯುವವರೆಗೆ ಕಾದು, ಒಂಬತ್ತೂವರೆಗೆ ಹೊರಟು, ಒಂದು ಗಂಟೆ ಕಳೆದರೂ ಇನ್ನೂ ಏಣಿನ, ಅಂದರೆ ಬೆಟ್ಟದ ಬೆನ್ನಿನ, ಮೇಲಿದ್ದೆವು. ಪಶ್ಚಿಮದಲ್ಲಿ ಕೇರಳದ ಕಡೆಯ ಕಣಿವೆ ಮಸಿ ಬಳಿದಂತಾಗಿತ್ತು. ಗಾಳಿ ಒಮ್ಮೆಲೇ ತಣ್ಣಗಾಯಿತು. ಅಷ್ಟರಲ್ಲಿ ನನ್ನ ಕೈಯಲ್ಲಿದ್ದ ಅಲ್ಯೂಮಿನಿಯಂ ಊರುಗೋಲಿನಿಂದ ಜೇನು ಗುಂಯ್‌ಗುಡುವಂತಹ ಸಣ್ಣ ಸದ್ದು ಬರತೊಡಗಿತು. ಮುಂದಿದ್ದ ಗೆಳತಿಯ ಕೂದಲಿನ ಎಳೆಗಳು ಒಂದೊಂದಾಗಿ ಮೇಲೆದ್ದು ನಿಂತವು. ಎರಡೂ ಸಿಡಿಲು ಬಡಿಯಲಿರುವುದರ ಗುರುತು. ಆಕೆಗೆ ಅದು ತಿಳಿದಿರಲಿಲ್ಲ, ನಗುತ್ತಲೇ ಇದ್ದಳು. ಕೋಲುಗಳನ್ನು ಅಲ್ಲೇ ಬಿಸುಟು ಹುಲ್ಲಿನ ಇಳಿಜಾರಿನಲ್ಲಿ ಓಡಿಬಿದ್ದು ತಗ್ಗನ್ನು ಸೇರಿದ ಎರಡು ಮೂರು ನಿಮಿಷಗಳೊಳಗೆ ನಾವು ನಿಂತಿದ್ದ ಏಣಿನ ಆಚೆ ಸಿಡಿಲು ಬಡಿಯಿತು. ಮಾಹಿತಿಯ ಕೊರತೆಯೇನೂ ನಮಗಿರಲಿಲ್ಲ; ಮೂರು ಗಂಟೆ ತಡವಾಗಿ ಹೊರಟಿದ್ದೆವು, ಅಷ್ಟೆ.

ಮುನ್ಸೂಚನೆಯನ್ನು ಓದುವ ಬಗೆ

ಮೊಬೈಲಿನಲ್ಲಿ ಕಾಣುವ ಮೋಡದ ಚಿತ್ರವನ್ನು ನಂಬಿ ಹೊರಡಬಾರದು. ಭಾರತೀಯ ಹವಾಮಾನ ಇಲಾಖೆಯ ಜಿಲ್ಲಾವಾರು ಎಚ್ಚರಿಕೆಯನ್ನು ಹಿಂದಿನ ಸಂಜೆ ಒಮ್ಮೆ, ಹೊರಡುವ ಬೆಳಿಗ್ಗೆ ಇನ್ನೊಮ್ಮೆ ನೋಡಬೇಕು. 24 ಗಂಟೆಗಳಲ್ಲಿ 64.5 ಮಿಲಿಮೀಟರಿನಿಂದ 115.5 ಮಿಲಿಮೀಟರಿನವರೆಗೆ ಬೀಳುವುದನ್ನು ಭಾರೀ ಮಳೆಯೆಂದೂ, ಅಲ್ಲಿಂದ 204.4 ಮಿಲಿಮೀಟರಿನವರೆಗೆ ಅತಿ ಭಾರೀ ಮಳೆಯೆಂದೂ ಇಲಾಖೆ ವಿಂಗಡಿಸುತ್ತದೆ. ಆದರೆ ಚಾರಣಿಗರಿಗೆ ಈ ಅಂಕಿಗಳಿಗಿಂತ ಎಚ್ಚರಿಕೆಯ ಜೊತೆಗಿರುವ 'ಗುಡುಗು ಮಿಂಚು ಸಹಿತ' ಎಂಬ ಪದಗಳೇ ಹೆಚ್ಚು ಮುಖ್ಯ, ಏಕೆಂದರೆ ಹತ್ತು ಮಿಲಿಮೀಟರ್ ಮಳೆ ತರುವ ಮೋಡವೂ ಸಿಡಿಲನ್ನು ಹೊತ್ತಿರಬಲ್ಲದು. ಆರೆಂಜ್ ಅಥವಾ ರೆಡ್ ಅಲರ್ಟ್ ಇದ್ದ ದಿನ ಮನೆಯಲ್ಲೇ ಇರಬೇಕೆಂಬುದು ಎಲ್ಲರೂ ಒಪ್ಪುವ ಮಾತು. ಹಳದಿಯ ದಿನವೂ ಏಣಿನ ಮೇಲಿನ ನಡಿಗೆಯನ್ನು ಬಿಟ್ಟು ತೋಟದ ದಾರಿಯಲ್ಲಷ್ಟೇ ಸುತ್ತಾಡಿ ಬರುವುದು ನನ್ನ ರೂಢಿ.

ಪುಣೆಯ ಉಷ್ಣವಲಯ ಹವಾಮಾನ ಸಂಸ್ಥೆ ರೂಪಿಸಿದ 'ದಾಮಿನಿ' ಮತ್ತು ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ 'ಸಿಡಿಲು' ಎಂಬ ಆ್ಯಪ್‌ಗಳು ಸುತ್ತಮುತ್ತ ಎಲ್ಲೆಲ್ಲಿ ಸಿಡಿಲು ಬೀಳುತ್ತಿದೆಯೆಂದು ತೋರಿಸುತ್ತವೆ. ಇವು ಉಪಯುಕ್ತವೇ ಸರಿ, ಆದರೆ ಕಕ್ಕಬೆ ದಾಟಿದ ಮೇಲೆ ನೆಟ್‌ವರ್ಕ್ ಬಂದು ಹೋಗಿ ಮಾಡುತ್ತದೆ. ಆಗ ಉಳಿಯುವುದು ಕಣ್ಣು ಮತ್ತು ಕಿವಿ. ಹತ್ತು ಗಂಟೆಯೊಳಗೇ ಹೂಕೋಸಿನಂತೆ ಅಂಚು ಮೂಡಿದ ಮೋಡಗಳು ಎತ್ತರಕ್ಕೆ ಬೆಳೆಯತೊಡಗಿದರೆ ಆ ದಿನ ಮಳೆ ಬೇಗ ಬರುತ್ತದೆಂದು ತಿಳಿಯಬೇಕು.

ಪಂಚಾಂಗವನ್ನೂ ಪೂರ್ತಿ ನೆಚ್ಚಬಾರದು. ಮುಂಗಾರು ಸಾಮಾನ್ಯವಾಗಿ ಜೂನ್ 1ರ ಹೊತ್ತಿಗೆ ಕೇರಳವನ್ನು ತಲುಪುತ್ತದೆ. 2025ರಲ್ಲಿ ಅದು ಮೇ 24ಕ್ಕೇ ಬಂದಿತು. ಮೇ ಕೊನೆಯ ವಾರಕ್ಕೆಂದು ತಿಂಗಳ ಮೊದಲೇ ದಿನ ಗೊತ್ತುಮಾಡಿಕೊಂಡವರು ವಸಂತದ ಮಳೆಗೆ ಸಿದ್ಧರಾಗಿ ಹೋಗಿ ಮುಂಗಾರನ್ನೇ ಎದುರಿಸಬೇಕಾದೀತು.

ಸಿಡಿಲು

ಮಿಂಚು ಕಂಡ ಕ್ಷಣದಿಂದ ಗುಡುಗು ಕೇಳುವವರೆಗೆ ಎಣಿಸಿ, ಮೂರು ಸೆಕೆಂಡಿಗೆ ಒಂದು ಕಿಲೋಮೀಟರಿನಂತೆ ಲೆಕ್ಕ ಹಾಕಿದರೆ ಸಿಡಿಲು ಬಿದ್ದ ಜಾಗ ಎಷ್ಟು ದೂರವೆಂದು ತಿಳಿಯುತ್ತದೆ. ಎಣಿಕೆ ಮೂವತ್ತು ಅಥವಾ ಅದಕ್ಕಿಂತ ಕಡಿಮೆಯಾದರೆ ನೀವು ಅಪಾಯದ ವಲಯದಲ್ಲಿದ್ದೀರಿ. ಕೊನೆಯ ಗುಡುಗು ಕೇಳಿದ ಮೇಲೆ ಮೂವತ್ತು ನಿಮಿಷ ಕಳೆಯುವವರೆಗೆ ಬಯಲಿಗೆ ಮರಳಬಾರದು. ಸರಳವಾಗಿ ಹೇಳುವುದಾದರೆ, ಗುಡುಗು ಕೇಳಿಸಿತೆಂದರೆ ಎಣಿಸುತ್ತ ನಿಲ್ಲುವ ಬದಲು ಇಳಿಯಲು ತೊಡಗುವುದೇ ಒಳ್ಳೆಯದು.

ಎಲ್ಲಿಗೆ ಇಳಿಯಬೇಕೆಂಬುದು ನಮ್ಮ ಬೆಟ್ಟಗಳಲ್ಲಿ ಸ್ವಲ್ಪ ತೊಡಕಿನ ಪ್ರಶ್ನೆ. ಬರಿಯ ಹುಲ್ಲಿರುವ ಏಣಿನ ಮೇಲೆ ಐದೂವರೆ ಅಡಿಯ ಮನುಷ್ಯನೇ ಅತಿ ಎತ್ತರದ ವಸ್ತು, ಅಲ್ಲಿ ನಿಲ್ಲುವಂತಿಲ್ಲ. ಹುಲ್ಲಿನ ನಡುವೆ ಒಂಟಿಯಾಗಿ ನಿಂತ ಮರದ ಕೆಳಗೆ ಹೋಗುವುದು ಅದಕ್ಕಿಂತಲೂ ಕೆಟ್ಟದ್ದು. ಬಂಡೆಯ ಕೆಳಗಿನ ಆಳವಿಲ್ಲದ ಪೊಟರೆಯನ್ನು ಬಹಳ ಜನ ಸುರಕ್ಷಿತವೆಂದು ಭಾವಿಸುತ್ತಾರೆ, ಆದರೆ ಒದ್ದೆಯಾದ ಬಂಡೆಯ ಮೈಮೇಲಿಂದ ಹರಿದು ಬರುವ ವಿದ್ಯುತ್ತು ಪೊಟರೆಯ ಬಾಯಿಯಲ್ಲಿ ಕುಳಿತವರ ದೇಹದ ಮೂಲಕ ನೆಲಕ್ಕೆ ಇಳಿಯಬಲ್ಲದು. ಉಳಿದದ್ದು ಶೋಲಾ. ಹೆಚ್ಚುಕಡಿಮೆ ಒಂದೇ ಎತ್ತರದ, ದಟ್ಟವಾಗಿ ಬೆಳೆದ ಮರಗಳ ಕಾಡು ಬಯಲಿಗಿಂತ ಮೇಲು. ಆದರೆ ಶೋಲಾ ಬೆಳೆಯುವುದೇ ನೀರು ಹರಿಯುವ ಮಡಿಕೆಗಳಲ್ಲಿ, ಆದ್ದರಿಂದ ಅದರ ನಡುವಿನ ತೊರೆಯ ಪಾತ್ರದಿಂದ ದೂರ ಸರಿದು, ಯಾವುದೇ ದೊಡ್ಡ ಮರದ ಬುಡಕ್ಕೆ ಒರಗದೆ, ಅಂಚಿಗಿಂತ ಒಳಗೆ ನಿಲ್ಲಬೇಕು. ಗುಂಪಿನವರು ಒಬ್ಬರಿಗೊಬ್ಬರು ಹತ್ತಿಪ್ಪತ್ತು ಮೀಟರ್ ದೂರವಿರಬೇಕು. ಭಯವಾದಾಗ ಕೈ ಹಿಡಿದು ಗುಂಪಾಗಿ ಕೂರುವುದು ಸಹಜವೇ. ಆದರೆ ನೆಲದ ಮೂಲಕ ಹರಡುವ ವಿದ್ಯುತ್ತು ಆಗ ಎಲ್ಲರನ್ನೂ ಒಟ್ಟಿಗೆ ಕೆಡವುತ್ತದೆ, ನೆರವಿಗೆ ಒಬ್ಬರೂ ಉಳಿಯುವುದಿಲ್ಲ. ಎಲ್ಲಿಗೂ ಹೋಗಲಾಗದಿದ್ದಾಗ ಪಾದಗಳನ್ನು ಜೋಡಿಸಿ, ಮಂಡಿ ಮಡಚಿ, ತಲೆ ತಗ್ಗಿಸಿ ಕುಕ್ಕರಗಾಲಲ್ಲಿ ಕೂರಬೇಕು, ಮಲಗಬಾರದು. ಇದು ಬೇರೇನೂ ದಾರಿಯಿಲ್ಲದಾಗಿನ ಉಪಾಯವಷ್ಟೆ. ಪೂರ್ಣ ರಕ್ಷಣೆ ಸಿಗುವುದು ಗೋಡೆ ಮಾಡುಗಳಿರುವ ದೊಡ್ಡ ಕಟ್ಟಡದಲ್ಲಿ ಅಥವಾ ಕಿಟಕಿ ಏರಿಸಿದ ಕಾರಿನೊಳಗೆ ಮಾತ್ರ.

ಸಿಡಿಲು ಬಡಿದವರ ಮೈಯಲ್ಲಿ ವಿದ್ಯುತ್ತು ಉಳಿದಿರುತ್ತದೆ, ಮುಟ್ಟಬಾರದು ಎಂಬ ನಂಬಿಕೆ ಹಳ್ಳಿಗಳಲ್ಲೂ ಪೇಟೆಯಲ್ಲೂ ಇದೆ. ಅದು ಸುಳ್ಳು, ಮತ್ತು ಅದರಿಂದ ಜೀವ ಹೋಗುತ್ತದೆ. ಉಸಿರಿಲ್ಲದೆ ಬಿದ್ದವರನ್ನು ಕೂಡಲೇ ಅಂಗಾತ ಮಲಗಿಸಿ, ಎದೆಯ ನಡುವೆ ನಿಮಿಷಕ್ಕೆ 100ರಿಂದ 120 ಬಾರಿ, ಐದಾರು ಸೆಂಟಿಮೀಟರ್ ಆಳಕ್ಕೆ ಒತ್ತಬೇಕು. ತರಬೇತಿ ಇದ್ದರೆ ಬಾಯಿಂದ ಉಸಿರನ್ನೂ ಕೊಡಬೇಕು. ಹಲವರು ಬಿದ್ದಿದ್ದಾಗ ನರಳುತ್ತಿರುವವರನ್ನು ಬಿಟ್ಟು ಸದ್ದಿಲ್ಲದೆ ಬಿದ್ದವರ ಬಳಿಗೆ ಮೊದಲು ಹೋಗಬೇಕೆಂಬುದು ಸಿಡಿಲಿನ ವಿಷಯದಲ್ಲಿ ವೈದ್ಯರು ಹೇಳುವ ವಿಶೇಷ ನಿಯಮ, ಏಕೆಂದರೆ ನರಳುವವರು ಸಾಮಾನ್ಯವಾಗಿ ಬದುಕುತ್ತಾರೆ, ನಿಂತ ಹೃದಯವನ್ನು ಮಾತ್ರ ಯಾರಾದರೂ ನಡೆಸಬೇಕು. ಈ ಒತ್ತುವಿಕೆಯನ್ನು ಓದಿ ಕಲಿಯಲಾಗದು. ಗುಂಪಿನಲ್ಲಿ ಇಬ್ಬರಾದರೂ ಪ್ರಥಮ ಚಿಕಿತ್ಸೆಯ ತರಬೇತಿ ಪಡೆದಿರಬೇಕು.

ಚಳಿ ಎಂಬ ಅನುಮಾನಿಸದ ಶತ್ರು

ಏಪ್ರಿಲ್‌ನಲ್ಲಿ ಚಳಿಯ ಮಾತಾಡಿದರೆ ಬೆಂಗಳೂರಿನವರು ನಗುತ್ತಾರೆ. ಸಾವಿರ ಮೀಟರ್ ಏರಿದರೆ ಉಷ್ಣಾಂಶ ಸರಾಸರಿ ಆರೂವರೆ ಡಿಗ್ರಿ ಇಳಿಯುತ್ತದೆ ಎಂಬುದನ್ನು ಶಾಲೆಯಲ್ಲಿ ಓದಿರುತ್ತೇವೆ, ಆದರೆ ಗುಡುಗುಮೋಡದೊಂದಿಗೆ ಇಳಿದು ಬರುವ ತಣ್ಣನೆಯ ಗಾಳಿ ಹತ್ತು ನಿಮಿಷದಲ್ಲಿ ಅದಕ್ಕೆ ಇನ್ನೂ ಹತ್ತು ಡಿಗ್ರಿ ಸೇರಿಸಬಲ್ಲದು. ನೀರು ಗಾಳಿಗಿಂತ ಸುಮಾರು 25 ಪಟ್ಟು ವೇಗವಾಗಿ ಮೈಯ ಶಾಖವನ್ನು ಎಳೆದುಕೊಳ್ಳುತ್ತದೆ. ಬೆಳಗಿನಿಂದ ಬೆವರಿ ನೆನೆದ ಹತ್ತಿಯ ಟೀ ಶರ್ಟು, ಅದರ ಮೇಲೆ ಮಳೆ, ಅದರ ಮೇಲೆ ಏಣಿನ ಗಾಳಿ: ಇಷ್ಟು ಸೇರಿದರೆ ಹಿಮವಿಲ್ಲದ ಬೆಟ್ಟದಲ್ಲೂ ದೇಹದ ಒಳಗಿನ ಉಷ್ಣತೆ 35 ಡಿಗ್ರಿಗಿಂತ ಕೆಳಗಿಳಿಯುವುದು ಸಾಧ್ಯ. ಪ್ರಾಣಕ್ಕೇ ಎರವಾಗಬಲ್ಲ ಈ ಸ್ಥಿತಿಯನ್ನು ವೈದ್ಯರು ಹೈಪೋಥರ್ಮಿಯಾ ಎನ್ನುತ್ತಾರೆ.

ಸಿಡಿಲಿನಿಂದ ತಪ್ಪಿಸಿಕೊಂಡ ಆ ದಿನವೇ ಅದನ್ನು ಕಂಡೆ. ತಗ್ಗಿನಲ್ಲಿ ಮಳೆ ನಿಲ್ಲುವುದನ್ನು ಕಾಯುತ್ತಿದ್ದಾಗ ನಮ್ಮಲ್ಲೊಬ್ಬ ಗ್ಲೂಕೋಸ್ ಬಿಸ್ಕತ್ತಿನ ಪೊಟ್ಟಣವನ್ನು ಬಿಚ್ಚಲು ಹೋಗಿ, ಬೆರಳುಗಳು ಒಂದನ್ನೊಂದು ಹಿಡಿಯದೆ, ಕೊನೆಗೆ ಹಲ್ಲಿನಿಂದ ಕಚ್ಚಿದ, ಅದೂ ಆಗಲಿಲ್ಲ. ಪೊಟ್ಟಣವನ್ನು ಕೈಯಲ್ಲಿ ಹಿಡಿದುಕೊಂಡು, ಅದೇಕೆ ಅಲ್ಲಿದೆಯೆಂದು ಮರೆತವನಂತೆ ಸುಮ್ಮನೆ ನೋಡುತ್ತ ನಿಂತ. ಏನೂ ಆಗಿಲ್ಲ ಎಂದು ಅವನು ಹೇಳುತ್ತಿದ್ದ ಮಾತು ತೊದಲುತ್ತಿತ್ತು. ನಡುಕ, ಕೈ ತಡವರಿಕೆ, ಎಡವುವಿಕೆ, ತೊದಲು, ಕಾರಣವಿಲ್ಲದ ಸಿಡುಕು, ಇವು ಕ್ರಮವಾಗಿ ಬರುವ ಲಕ್ಷಣಗಳು. ರೋಗಿಗೆ ತನಗಿದೆಯೆಂದು ತಿಳಿಯದಿರುವುದೇ ಈ ಸ್ಥಿತಿಯ ಕೆಟ್ಟ ಗುಣ. ನಡುಕ ನಿಂತಿತೆಂದರೆ ಗುಣವಾಯಿತೆಂದು ಅರ್ಥವಲ್ಲ, ದೇಹ ಸೋಲುತ್ತಿದೆಯೆಂದು ಅರ್ಥ. ಅವನ ಒದ್ದೆ ಬಟ್ಟೆಯನ್ನೆಲ್ಲ ತೆಗೆಸಿ, ಒಣಗಿದ ಅಂಗಿ ಟೋಪಿ ಹಾಕಿಸಿ, ನೆಲದ ತಂಪು ತಾಗದಂತೆ ಚೀಲಗಳ ಮೇಲೆ ಕೂರಿಸಿ, ಸಕ್ಕರೆ ಹಾಕಿದ ಬಿಸಿ ನೀರನ್ನು ಗುಟುಕು ಗುಟುಕಾಗಿ ಕುಡಿಸಿದೆವು. ಕೈಕಾಲು ತಿಕ್ಕಬಾರದು, ಮದ್ಯ ಕೊಡಲೇಬಾರದು. ಅರ್ಧ ಗಂಟೆಯಲ್ಲಿ ಅವನು ಮನುಷ್ಯನಾದ. ಆ ಒಣ ಅಂಗಿ ಬೇರೊಬ್ಬರ ಚೀಲದ್ದು. ಅವನ ಚೀಲದೊಳಗಿನದೆಲ್ಲ ನೆನೆದಿತ್ತು.

ಎತ್ತರದಲ್ಲಿ ಇದೇ ಸಂಗತಿ ಎಷ್ಟು ಘೋರವಾಗಬಲ್ಲದೆಂಬುದಕ್ಕೆ ಉತ್ತರಾಖಂಡದ ಸಹಸ್ರತಾಲ ಸಾಕ್ಷಿ. 2024ರ ಜೂನ್ ಆರಂಭದಲ್ಲಿ ಅಲ್ಲಿಗೆ ಹೋಗಿದ್ದ ಹೆಚ್ಚಿನವರು ಕರ್ನಾಟಕದವರೇ ಆಗಿದ್ದ 22 ಜನರ ತಂಡ ಬಿರುಗಾಳಿ ಹಿಮಪಾತಕ್ಕೆ ಸಿಲುಕಿ ಒಂಬತ್ತು ಮಂದಿ ಸಾವಿಗೀಡಾದರು. ಮೇ, ಜೂನ್ ತಿಂಗಳಲ್ಲಿ ಹಿಮಾಲಯಕ್ಕೆ ಹೊರಡುವ ಕನ್ನಡಿಗರು ಇಂದು ಸಾವಿರಾರು; ಅಲ್ಲಿನ ಸಿದ್ಧತೆ ಇಲ್ಲಿನದಕ್ಕಿಂತ ಬೇರೆ ಮಟ್ಟದ್ದು, ಆದರೆ ಬೇಗ ಹೊರಟು ಬೇಗ ಇಳಿಯುವ ಮತ್ತು ಒಣ ಬಟ್ಟೆಯನ್ನು ಕಾಪಾಡುವ ಅಭ್ಯಾಸ ನಮ್ಮ ಬೆಟ್ಟಗಳಲ್ಲೇ ಆಗಬೇಕು.

ಉಡುಪು, ಚೀಲ, ಬೂಟು

ನಮ್ಮ ಅಜ್ಜಂದಿರು ಗದ್ದೆಗೆ ಹೋಗುವಾಗ ಕಂಬಳಿಯ ಕೊಪ್ಪೆ ಹಾಕುತ್ತಿದ್ದುದು ಬಡತನಕ್ಕಲ್ಲ. ಉಣ್ಣೆ ನೆನೆದರೂ ಒಂದಷ್ಟು ಬೆಚ್ಚಗಿಡುತ್ತದೆ, ಹತ್ತಿ ನೆನೆದರೆ ತಣ್ಣನೆಯ ಪಟ್ಟಿಯಾಗಿ ಮೈಗಂಟುತ್ತದೆ. ಇಂದು ಅದೇ ತತ್ತ್ವವನ್ನು ಅನುಸರಿಸಿ ಮೈಗೆ ತಾಗುವ ಅಂಗಿ ಪಾಲಿಯೆಸ್ಟರ್ ಅಥವಾ ತೆಳು ಉಣ್ಣೆಯದಿರಲಿ, ಅದರ ಮೇಲೆ ಹಾಕಲು ಫ್ಲೀಸ್ ಎಂಬ ಮೆತ್ತನೆಯ ಬೆಚ್ಚನೆ ಬಟ್ಟೆಯ ತೆಳುವಾದ ಒಂದು ಅಂಗಿ ಚೀಲದಲ್ಲಿರಲಿ, ಎಲ್ಲಕ್ಕಿಂತ ಹೊರಗೆ ತಲೆಗವುಸು ಇರುವ ಮಳೆಯಂಗಿ. ಜೀನ್ಸ್ ಬೇಡವೇ ಬೇಡ. ತಲೆಯ ಮೇಲಿಂದ ಇಳಿಬಿಡುವ ಸಡಿಲ ಮಳೆಹೊದಿಕೆಯಾದ ಪಾಂಚೋ ತೋಟದ ದಾರಿಯಲ್ಲಿ ಹಿತಕರ, ಚೀಲವನ್ನೂ ಮುಚ್ಚುತ್ತದೆ, ಆದರೆ ಏಣಿನ ಗಾಳಿಗೆ ಹಾಯಿಯಂತೆ ಉಬ್ಬಿ ಕಾಲ ಕೆಳಗಿನ ದಾರಿಯನ್ನೇ ಮರೆಮಾಡುತ್ತದೆ. ಕೊಡೆಯೂ ಹಾಗೆಯೇ: ತಪಾಸಣಾ ಕೇಂದ್ರದವರೆಗೆ ಉತ್ತಮ ಸಂಗಾತಿ, ಅಲ್ಲಿಂದ ಮೇಲೆ ಕೈಯಲ್ಲಿ ಹಿಡಿದ ಲೋಹದ ಕಡ್ಡಿ. ಮಳೆಯಂಗಿಯ ಮೇಲಿನ ಚೀಟಿ ಏನೇ ಹೇಳಲಿ, ಅದನ್ನು ತೊಟ್ಟು ಸ್ನಾನದ ಮನೆಯ ಶವರಿನ ಕೆಳಗೆ ಹತ್ತು ನಿಮಿಷ ನಿಲ್ಲಿರಿ. ಹೆಗಲ ಹೊಲಿಗೆಯಲ್ಲಿ ನೀರು ಒಳಗಿಳಿಯುವುದು ಮನೆಯಲ್ಲೇ ತಿಳಿಯುವುದು ಲೇಸು.

ಚೀಲದ ಹೊರಗವಸನ್ನು ನಂಬುವುದು ಸಾಮಾನ್ಯ ತಪ್ಪು. ಬೆನ್ನಿಗೆ ತಾಗುವ ಬದಿ ತೆರೆದೇ ಇರುವುದರಿಂದ ಕುತ್ತಿಗೆಯಿಂದ ಇಳಿದ ನೀರು ಅಲ್ಲಿಂದಲೇ ಒಳಸೇರುತ್ತದೆ; ನಮ್ಮ ಗೆಳೆಯನ ಚೀಲಕ್ಕೆ ಆದದ್ದೂ ಇದೇ. ದಪ್ಪ ಕಸದ ಚೀಲವೊಂದನ್ನು ಮೊದಲು ಚೀಲದೊಳಗೆ ಹರಡಿ, ಎಲ್ಲವನ್ನೂ ಅದರೊಳಗೆ ತುಂಬಿ, ಗಾಳಿ ಹಿಂಡಿ, ಬಾಯನ್ನು ನಾಲ್ಕೈದು ಸುತ್ತು ತಿರುಚಿ, ಮಡಚಿ, ರಬ್ಬರ್ ಬ್ಯಾಂಡ್ ಹಾಕಬೇಕು. ಒಂದು ಜೊತೆ ಬಟ್ಟೆ, ಕಾಲುಚೀಲ, ಉಣ್ಣೆಯ ಟೋಪಿ ಇಷ್ಟನ್ನು ಮತ್ತೊಂದು ಸಣ್ಣ ಚೀಲದಲ್ಲಿ ಕಟ್ಟಿ ತಳದಲ್ಲಿಟ್ಟು, ಕೆಳಗೆ ಮರಳಿ ಬರುವವರೆಗೆ, ಇಲ್ಲವೇ ಯಾರಾದರೂ ನಡುಗತೊಡಗುವವರೆಗೆ, ಅದನ್ನು ಬಿಚ್ಚಬಾರದು. ಥರ್ಮೋಸಿನಲ್ಲಿ ಸಿಹಿ ಬಿಸಿ ಪಾನೀಯ, ತಲೆದೀಪ ಮತ್ತು ಅದರ ಬಿಡಿ ಬ್ಯಾಟರಿ, ಸೀಟಿ, ಆಫ್‌ಲೈನ್ ನಕ್ಷೆ ಇಳಿಸಿಕೊಂಡ ಮೊಬೈಲು, ಪವರ್ ಬ್ಯಾಂಕ್, ಬ್ಯಾಂಡೇಜು, ಓಆರ್‌ಎಸ್ ಪೊಟ್ಟಣ, ಇವೆಲ್ಲ ಎಲ್ಲರಿಗೂ ತಿಳಿದವೇ. ಮಳೆಗಾಲವೆಂದು ಕುಡಿಯುವ ನೀರನ್ನು ಕಡಿಮೆ ಮಾಡಬೇಡಿ. ಬೆಳಗಿನ ಏರು ಬಿಸಿಲಿನದು, ಎಷ್ಟೋ ತೊರೆಗಳು ಈ ಕಾಲದಲ್ಲಿ ಬತ್ತಿರುತ್ತವೆ, ಮೊದಲ ಮಳೆಗೆ ಹರಿಯುವ ಕೆಂಪು ನೀರು ತಿಂಗಳುಗಳ ಕೊಳೆಯನ್ನು ತೊಳೆದು ತಂದದ್ದು. ತಲಾ ಮೂರು ಲೀಟರ್ ಹೊತ್ತೇ ಹೋಗಬೇಕು.

ಬೂಟಿನ ವಿಷಯದಲ್ಲಿ ಒಂದು ಕಿವಿಮಾತು. ವರ್ಷಗಟ್ಟಲೆ ಅಟ್ಟದಲ್ಲಿಟ್ಟ ದುಬಾರಿ ಬೂಟಿನ ಅಟ್ಟೆಯ ಅಂಟು ತೇವಕ್ಕೆ ತಾನಾಗಿಯೇ ಹಳಸಿ, ಮೊದಲ ಮಳೆಯಲ್ಲೇ ಮೊಸಳೆಯ ಬಾಯಿಯಂತೆ ತೆರೆದುಕೊಳ್ಳುತ್ತದೆ. ಚಾರಣಕ್ಕೆ ಎರಡು ವಾರ ಮುಂಚೆಯೇ ಬೂಟನ್ನು ನೆನೆಸಿ ಒಂದೆರಡು ಬಾರಿ ನಡೆದು ನೋಡಬೇಕು. ತೋಟದ ಕಾರ್ಮಿಕರು ಹಾಕುವ, ಅಡಿಯಲ್ಲಿ ಗುಬುಟುಗಳಿರುವ ಅಗ್ಗದ ರಬ್ಬರ್ ಶೂ ಕೆಸರಿನಲ್ಲಿ ಎಷ್ಟೋ ಬ್ರಾಂಡೆಡ್ ಬೂಟುಗಳಿಗಿಂತ ಚೆನ್ನಾಗಿ ಹಿಡಿಯುತ್ತದೆ. ಅದರೊಳಗೆ ದಪ್ಪ ಕಾಲುಚೀಲ ಹಾಕಿದರೆ ಸಾಕು.

ನೆಲ ಮತ್ತು ನೀರು

ಬೇಸಿಗೆಯ ಮೊದಲ ಮಳೆಯಲ್ಲಿ ದಾರಿ ಜಾರುವಷ್ಟು ಆಷಾಢದಲ್ಲೂ ಜಾರುವುದಿಲ್ಲ. ತಿಂಗಳುಗಳಿಂದ ಬಂಡೆಯ ಮೇಲೆ ಕೂತ ಧೂಳು ಮತ್ತು ಒಣ ಪಾಚಿ ಆಗಷ್ಟೇ ನೆನೆದು ಸಾಬೂನಿನಂತಾಗುತ್ತವೆ, ಒಣಹುಲ್ಲು ಇಳಿಜಾರಿನತ್ತ ಮಲಗಿ ಜಾರುಬಂಡೆಯಾಗುತ್ತದೆ, ದಾರಿಯ ಗರಸು ಕಾಲ ಕೆಳಗೆ ಉರುಳುತ್ತದೆ. ಇಳಿಯುವಾಗ ಹೆಜ್ಜೆ ಚಿಕ್ಕದಾಗಿರಲಿ, ಮಂಡಿ ಸಡಿಲವಾಗಿರಲಿ, ಪಾದದ ಪೂರ್ತಿ ಅಡಿ ಏಕಕಾಲಕ್ಕೆ ನೆಲಕ್ಕೆ ತಾಗಲಿ. ಶೋಲಾದೊಳಗೆ ಅಡ್ಡಬಿದ್ದ ಬೇರಿನ ಮೇಲೆ ಕಾಲಿಡದೆ ದಾಟಬೇಕು. ಏರುವುದಕ್ಕೆ ಬೇಕಾದಷ್ಟೇ ಸಮಯ ಇಳಿಯುವುದಕ್ಕೂ ಬೇಕಾದೀತೆಂದು ಲೆಕ್ಕದಲ್ಲಿ ಸೇರಿಸಿರಬೇಕು.

ಬೆಳಿಗ್ಗೆ ಕಲ್ಲಿನಿಂದ ಕಲ್ಲಿಗೆ ದಾಟಿದ ಹಳ್ಳ ಮಧ್ಯಾಹ್ನ ಮಂಡಿಯವರೆಗೆ ಬಂದಿರಬಹುದು. ನೀವಿರುವಲ್ಲಿ ಹನಿಯೂ ಬೀಳದಿದ್ದರೂ ಮೇಲಿನ ಕಣಿವೆಯಲ್ಲಿ ಸುರಿದದ್ದು ಅರ್ಧ ತಾಸಿನಲ್ಲಿ ಕೆಳಗಿಳಿಯುತ್ತದೆ. ನೀರಿನ ಬಣ್ಣ ಕೆಂಪಾಗುವುದು, ಎಲೆ ಕಡ್ಡಿಗಳು ತೇಲಿ ಬರುವುದು, ಕಲ್ಲುಗಳು ಒಳಗೆ ಉರುಳುವ ಗುಡುಗುಡು ಸದ್ದು, ಇವುಗಳಲ್ಲಿ ಒಂದು ಕಂಡರೂ ದಾಟಬಾರದು. ಮಂಡಿಗಿಂತ ಮೇಲಿನ ರಭಸದ ನೀರು ಯಾರನ್ನಾದರೂ ಕೆಡವುತ್ತದೆ. ಇಂತಹ ಹಳ್ಳಗಳಿಗಿರುವ ಒಂದು ಒಳ್ಳೆಯ ಗುಣವೆಂದರೆ, ಅವು ಏರಿದಷ್ಟೇ ಬೇಗ ಇಳಿಯುತ್ತವೆ. ಬಹಳಷ್ಟು ಸಲ ಒಂದೆರಡು ಗಂಟೆ ಕಾದರೆ ದಾರಿ ತಾನಾಗಿ ತೆರೆಯುತ್ತದೆ. ದಾಟಲೇಬೇಕಾದಾಗ ಅಗಲವಾಗಿ ಹರಡಿ ಹರಿಯುವ ಜಾಗ ಹುಡುಕಿ, ಚೀಲದ ಸೊಂಟದ ಪಟ್ಟಿಯನ್ನು ಬಿಚ್ಚಿ, ಬೂಟನ್ನು ಕಳಚದೆ, ಹರಿವಿಗೆ ಎದುರಾಗಿ ನಿಂತು ಅಡ್ಡಡ್ಡ ಹೆಜ್ಜೆಯಿಡಬೇಕು.

ಮಂಜು ಕವಿದು ದಾರಿ ಕಾಣದಾದರೆ ನಿಲ್ಲಿರಿ. ಹುಲ್ಲುಗಾವಲಿನಲ್ಲಿ ದನ ಕಾಟಿಗಳು ತುಳಿದ ಹತ್ತಾರು ಜಾಡುಗಳಿರುತ್ತವೆ, ಎಲ್ಲವೂ ದಾರಿಯಂತೆಯೇ ಕಾಣುತ್ತವೆ. ಆನೆಯಿರುವ ಕಾಡಿನಲ್ಲಿ ಮಂಜಿನೊಳಗೆ ಮುನ್ನುಗ್ಗುವುದಂತೂ ಕೂಡದು.

ಇಂಬಳ, ಉಣುಗು, ಹಾವು

ಇಂಬಳಗಳ ಬಗ್ಗೆ ಜನ ಅಗತ್ಯಕ್ಕಿಂತ ಹೆಚ್ಚು ಹೆದರುತ್ತಾರೆ. ಮೊದಲ ಮಳೆಗೆ ಅವು ಎಲೆಗಳಡಿಯಿಂದ ಏಳುತ್ತವೆ. ಒತ್ತಾಗಿ ನೇಯ್ದ ಬಟ್ಟೆಯ ಉದ್ದನೆಯ ಕಾಲುಚೀಲ, ಅದರ ಮೇಲೆ ಒಂದಿಷ್ಟು ಉಪ್ಪು ಅಥವಾ ಬೇವಿನೆಣ್ಣೆ ಇದ್ದರೆ ಸಾಕು. ಕಚ್ಚಿದರೆ ಉಗುರಿನಿಂದ ಪಕ್ಕಕ್ಕೆ ಜರುಗಿಸಿ ಬಿಡಿಸಬಹುದು, ರಕ್ತ ಸ್ವಲ್ಪ ಹೊತ್ತು ಸುರಿದು ನಿಲ್ಲುತ್ತದೆ.

ಹೆದರಬೇಕಾದದ್ದು ಉಣುಗಿಗೆ. ಅದರ ಕಡಿತದಿಂದ ಹರಡುವ ಮಂಗನ ಕಾಯಿಲೆಯನ್ನು 1957ರಲ್ಲಿ ಮೊದಲು ಗುರುತಿಸಿದ್ದು ಶಿವಮೊಗ್ಗ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ. ಅದು ಹೆಚ್ಚಾಗಿ ಡಿಸೆಂಬರಿನಿಂದ ಮೇ ತಿಂಗಳವರೆಗೆ ಹರಡುತ್ತದೆ, ಅಂದರೆ ವಸಂತದ ಚಾರಣದ ದಿನಗಳು ಪೂರ್ತಿ ಅದರೊಳಗೇ ಬರುತ್ತವೆ. ಶಿವಮೊಗ್ಗ, ಚಿಕ್ಕಮಗಳೂರು, ಉತ್ತರ ಕನ್ನಡದ ಕಾಡುಗಳಿಗೆ ಹೋಗುವವರು ತುಂಬುತೋಳಿನ ತಿಳಿಬಣ್ಣದ ಅಂಗಿ ತೊಟ್ಟು, ಪ್ಯಾಂಟಿನ ತುದಿಯನ್ನು ಕಾಲುಚೀಲದೊಳಗೆ ಸೇರಿಸಿ, ಆರೋಗ್ಯ ಇಲಾಖೆ ಕೊಡುವ ಡೇಪಾ ಎಣ್ಣೆಯನ್ನೋ ಬೇರೆ ಕೀಟ ನಿವಾರಕವನ್ನೋ ಹಚ್ಚಿಕೊಳ್ಳಬೇಕು. ಒಣ ಎಲೆಗಳ ಮೇಲೆ ಕೂರುವುದು, ಮಲಗುವುದು ಬೇಡ. ಮಂಗ ಸತ್ತಿರುವುದು ಕಂಡರೆ ಹತ್ತಿರ ಹೋಗದೆ ಅರಣ್ಯ ಅಥವಾ ಆರೋಗ್ಯ ಸಿಬ್ಬಂದಿಗೆ ತಿಳಿಸಿ ಅಲ್ಲಿಂದ ಹಿಂದಿರುಗಬೇಕು.

ಹಾವುಗಳ ಬಗ್ಗೆ ಹೆಚ್ಚು ಹೇಳುವುದಿಲ್ಲ: ಕೈಯಿಡುವ, ಕೂರುವ ಜಾಗವನ್ನು ಮೊದಲು ನೋಡಿರಿ. ಮಲಬಾರ್ ಗುಳಿಮಂಡಲ ಕೊಂಬೆಯ ಮೇಲೆ ಎಲೆಯಂತೆಯೇ ಕುಳಿತಿರುತ್ತದೆ.

ಅನುಮತಿ ಮತ್ತು ಜೊತೆಗಾರರು

ಕಾಳ್ಗಿಚ್ಚಿನ ಭಯದಿಂದ ಅರಣ್ಯ ಇಲಾಖೆ ಕುಮಾರಪರ್ವತವೇ ಮೊದಲಾದ ಎಷ್ಟೋ ದಾರಿಗಳನ್ನು ಬೇಸಿಗೆಯಲ್ಲಿ ಮುಚ್ಚುತ್ತದೆ. ಒಂದೆರಡು ಮಳೆ ಬಿತ್ತೆಂದು ಅವು ತೆರೆಯುವುದಿಲ್ಲ. ಇಲಾಖೆಯ 'ಅರಣ್ಯ ವಿಹಾರ' ಜಾಲತಾಣದಲ್ಲಿ ತೆರೆದಿರುವ ದಾರಿಯನ್ನೇ ಆಯ್ದು, ಟಿಕೆಟ್ಟು ಪಡೆದು, ಗುರುತಿನ ಚೀಟಿಯೊಡನೆ ಹೋಗಬೇಕು. ಹಿಂಬಾಗಿಲಿನ ದಾರಿ ತೋರಿಸುವವರು ಸಿಗುತ್ತಾರೆ. ಆದರೆ ಅಲ್ಲಿ ಕಾಲು ಮುರಿದರೆ ನೀವು ಒಳಗಿರುವುದೇ ಯಾರಿಗೂ ತಿಳಿದಿರುವುದಿಲ್ಲ.

ಸ್ಥಳೀಯ ಮಾರ್ಗದರ್ಶಿಯನ್ನು ಕರೆದುಕೊಂಡು ಹೋಗುವುದಾದರೆ ಅವರ ಮಾತಿಗೆ ಬೆಲೆ ಕೊಡಿ. ದುಡ್ಡು ಕೊಟ್ಟವರೆಂಬ ದಾಕ್ಷಿಣ್ಯಕ್ಕೆ ಅವರು ಗಟ್ಟಿಯಾಗಿ ಬೇಡವೆನ್ನಲಾರರು. 'ಮಳೆ ಬರಬೌದು ಸಾರ್' ಎಂದು ಮೆಲ್ಲಗೆ ಹೇಳಿದರೆ ಅದನ್ನೇ ಕೆಂಪು ಬಾವುಟವೆಂದು ತಿಳಿಯಬೇಕು. ಯಾವ ದಾರಿ, ಎಷ್ಟು ಜನ, ಎಷ್ಟು ಹೊತ್ತಿಗೆ ಕೆಳಗಿರುತ್ತೀರಿ, ಎಷ್ಟು ಹೊತ್ತು ಮೀರಿದರೆ ಯಾರಿಗೆ ಫೋನ್ ಮಾಡಬೇಕು ಎಂಬುದನ್ನು ಮನೆಯವರೊಬ್ಬರಿಗೆ ಬರೆದು ಕಳುಹಿಸಿರಿ. ತುರ್ತು ಸಂಖ್ಯೆ 112, ಅರಣ್ಯ ಇಲಾಖೆಯ ಸಹಾಯವಾಣಿ 1926. ಸಿಗ್ನಲ್ ಇಲ್ಲದಲ್ಲಿ ಸೀಟಿಯನ್ನು ಒಂದು ನಿಮಿಷದಲ್ಲಿ ಆರು ಬಾರಿ ಊದಿ, ಒಂದು ನಿಮಿಷ ಸುಮ್ಮನಿದ್ದು, ಮತ್ತೆ ಆರು ಬಾರಿ ಊದುವುದು ಪರ್ವತಾರೋಹಿಗಳು ಒಪ್ಪಿಕೊಂಡ ಸಹಾಯದ ಕರೆ. ಕೂಗಿ ಗಂಟಲು ಬತ್ತಿಸಿಕೊಳ್ಳುವುದಕ್ಕಿಂತ ಅದು ದೂರ ಕೇಳಿಸುತ್ತದೆ.

ಮರಳಿದ ಮೇಲೆ

ಮನೆಗೆ ಬಂದ ಕೂಡಲೇ ತೊಟ್ಟ ಬಟ್ಟೆಯನ್ನು ಬಿಸಿನೀರಿಗೆ ಹಾಕಿ, ಸಾಬೂನು ಹಚ್ಚಿ ಸ್ನಾನ ಮಾಡಿ, ಕಂಕುಳು, ತೊಡೆಸಂದು, ಮಂಡಿಯ ಹಿಂಭಾಗ, ಕಿವಿಯ ಹಿಂದೆ ಉಣುಗು ಕಚ್ಚಿಕೊಂಡಿದೆಯೇ ಎಂದು ನೋಡಬೇಕು. ಸಿಕ್ಕಿದರೆ ಹಿಸುಕದೆ, ಸುಡದೆ, ಚಿಮಟದಿಂದ ಚರ್ಮಕ್ಕೆ ಹತ್ತಿರ ಹಿಡಿದು ನೇರವಾಗಿ ಎಳೆದು ತೆಗೆಯಬೇಕು. ಬೂಟಿನೊಳಗೆ ದಿನಪತ್ರಿಕೆ ತುರುಕಿ ನೆರಳಿನಲ್ಲಿ ಒಣಗಿಸಿ. ಬಿಸಿಲಿಗಿಟ್ಟರೆ ಅಂಟು ಮತ್ತೆ ಬಿಡುತ್ತದೆ. ಅನಂತರ ಗೋಡೆಯ ಕ್ಯಾಲೆಂಡರಿನಲ್ಲಿ ಚಾರಣದ ದಿನಾಂಕದ ಮೇಲೆ ಒಂದು ಗುರುತು ಹಾಕಿಡಿ. ಮುಂದಿನ ಎರಡು ವಾರಗಳೊಳಗೆ ಮೈಕೈ ನೋವಿನೊಡನೆ ಜ್ವರ ಬಂದರೆ ಪ್ಯಾರಾಸಿಟಮಾಲ್ ನುಂಗಿ ಕೆಲಸಕ್ಕೆ ಹೋಗದೆ ವೈದ್ಯರ ಬಳಿಗೆ ಹೋಗಿರಿ, ಮತ್ತು ಅವರು ಕೇಳದಿದ್ದರೂ ಯಾವ ಕಾಡಿಗೆ, ಯಾವ ದಿನ ಹೋಗಿದ್ದಿರಿ ಎಂಬುದನ್ನು ಮೊದಲು ಹೇಳಿರಿ.